ಸೊಂಟದ ಮಟ ಹಿಮ

ಡೆಕ್ಕನ್ ಬಡಾವಣೆಯ ಜಪಾನಿ ಭಾಷೆಯ ಸಂಜೆ ಕ್ಲಾಸಿನಲ್ಲಿ ರೇಣು ಟೀಚರ್. ತಳೇಗಾಂವದ ಕಾರ್ಖಾನೆಯವರು ಟ್ರೇನಿಂಗಿಗೆಂದು ಜಪಾನಿಗೆ ಕಳಿಸಲಿದ್ದ ಸಂಜು ಮೊದಲ ದಿನವೇ ತಡವಾಗಿ ಬಂದ. ಮರಾಠಿಯಲ್ಲಿ ಕ್ಷಮೆ ಕೇಳಿದವನು, ಅವಳ ಉಚ್ಚಾರ ಕೇಳುತ್ತಲೇ ಕಣ್ಣರಳಿಸಿದ.

"ವಿಜಾಪುರದ ಕಡೆಯವರೇನ್ರಿ?"

"ಕ್ಲಾಸಿನ್ಯಾಗ ಜಪಾನಿ ಮಾತ್ರ," ಎಂದಳು, ಕನ್ನಡದಲ್ಲೇ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆ ನಗು ವರ್ಷವಿಡೀ ನಡೆಯಿತು. ಅವನು ಜಪಾನಿಗೆ ಹೊರಡುವ ಮುಂಚೆ ಇಬ್ಬರ ನಡುವೆ ಮದುವೆಯ ಮಾತೂ ಆಯಿತು. ಆದರೆ ಜಾತಿ ಬೇರೆ. "ಅವ್ವ ಸುಮ್ಮನ ಒಪ್ಪಾಕಿ ಅಲ್ಲ. ತಿರುಗಿ ಬಂದ ಮ್ಯಾಲೆ ನಾನೇ ಹೇಳ್ತೀನಿ," ಎಂದ ಸಂಜು. ಹಾಗಾಗಿ ಮಾರ್ಕೆಟ್ ಯಾರ್ಡಿನ ಸಂಜುವಿನ ಮನೆಗೆ ರೇಣು ಬರೀ ಟೀಚರ್ ಆಗಿಯೇ ಉಳಿದಳು.

ಜಪಾನಿನ ನಾಗಾನೋದಿಂದ ಭಾನುವಾರಕ್ಕೊಮ್ಮೆ ಅವನ ಫೋನ್ ಬರುತ್ತಿತ್ತು.

"ಪುಡಿ ಹಿಮ, ರೇಣು. ಸೊಂಟದ ಮಟ ಬಿದ್ದಿರ್ತದ. ಕಾಲಿಗೆ ಜಾರೂ ಬೋರ್ಡ್ ಕಟ್ಕೊಂಡು ಗುಡ್ಡ ಇಳದ್ರ ಕೆಳಗ ನೆಲಾನೇ ಇಲ್ಲ ಅನಸ್ತದ. ಸಪ್ಪಳಿಲ್ಲ. ಬಿದ್ರೂ ನೋವಾಗಂಗಿಲ್ಲ."

"ಹಂಗಾರ ಚೊಲೋತ್ನಂಗ ಬೀಳೂದು ಕಲಿ."

"ಮುಂದಿನ ಚಳಿಗಾಲಕ್ಕ ನಿನಗೂ ಕಲಸ್ತೀನಿ."

ಅವಳು ಲಕ್ಷ್ಮೀ ರೋಡಿನಲ್ಲಿ ಉಣ್ಣೆಯ ಕೈಗವಸು ಕೊಂಡಳು. ಮೇ ತಿಂಗಳ ಸೆಕೆಯಲ್ಲಿ ಬಾಗಿಲು ಹಾಕಿಕೊಂಡು ಹಾಕಿ ನೋಡಿದಳು.

ಮುಂದಿನ ಚಳಿಗಾಲದಲ್ಲಿ ಫೋನ್ ಕಡಿಮೆಯಾಯಿತು. ಹಿಮ ಜಾಸ್ತಿ, ಲೈನ್ ಸಿಗುವುದಿಲ್ಲ ಎಂದ. ರೇಣು ನಂಬಿದಳು.

ಫೆಬ್ರವರಿಯ ಒಂದು ಬೆಳಿಗ್ಗೆ ಸಂಜುವಿನ ತಾಯಿ ಶಿವಬಸವ್ವ ಹೇಳಿಕಳಿಸಿದರು. ಜಪಾನಿನಿಂದ ಯಾರೋ ಹೆಂಗಸು ಫೋನ್ ಮಾಡಿದ್ದಳು. 'ಸಂಜು', 'ಹಾಸ್ಪಿಟಲ್' ಎರಡೇ ಮಾತು ತಿಳಿದಿದ್ದವು. ರೇಣು ಓಡಿ ಬಂದಳು. ಮತ್ತೆ ಫೋನ್ ಬಂದಾಗ ರಿಸೀವರ್ ಎತ್ತಿದವಳು ಅವಳೇ.

ಆಯುಮಿ ಎಂಬಾಕೆ ನಿಧಾನವಾಗಿ ಹೇಳಿದಳು, ರೇಣು ಒಂದೊಂದೇ ಮಾತನ್ನು ಕನ್ನಡಕ್ಕಿಳಿಸಿದಳು. ಮರಗಳ ನಡುವೆ ಇಳಿಯುವಾಗ ಸಂಜು ಮರದ ಬುಡದ ಸಡಿಲ ಹಿಮದಲ್ಲಿ ತಲೆಕೆಳಗಾಗಿ ಹೂತುಹೋದ. ಹಿಂದೆಯೇ ಬರುತ್ತಿದ್ದ ಆಯುಮಿ ಹಿಮ ಬಗೆದು ಹೊರಗೆಳೆದಳು. ಕಾಲು ಮುರಿದಿದೆ, ಜೀವಕ್ಕೆ ಅಪಾಯವಿಲ್ಲ.

ಶಿವಬಸವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ರೇಣುವೂ ಅತ್ತಳು. ಅಷ್ಟರಲ್ಲಿ ಆಯುಮಿ ಮುಂದುವರಿಸಿದಳು: "ಏಪ್ರಿಲ್‌ನಲ್ಲಿ ನಮ್ಮ ಮದುವೆ. ಅಮ್ಮನಿಗೆ ದಯವಿಟ್ಟು ತಿಳಿಸಿ. ನೀವು ಟೀಚರ್ ಅಲ್ಲವೇ? ಸಂಜು ನಿಮ್ಮನ್ನು ಬಹಳ ಹೊಗಳುತ್ತಾರೆ."

"ಏನಂತಾಳವ್ವಾ?"

ಏನಿಲ್ಲ ಎಂದುಬಿಡಬಹುದಿತ್ತು. ರೇಣು ಹೇಳಿದಳು.

ಶಿವಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ಸತ್ತಂವನ್ನ ಎತ್ತಿ ಕೊಟ್ಟಾಳ. ಅಂಥಾಕಿ ಜಾತಿ ಕೇಳೂದೇನದ? ನನ್ನ ಸೊಸಿ ಅಂತ ಹೇಳು."

ರೇಣು ಅದನ್ನೂ ಹೇಳಿದಳು. ಆ ಕಡೆ ಫೋನ್ ಕೈ ಬದಲಾಯಿಸಿತು.

"ಅವ್ವಾ?"

"ನಾನು ರೇಣು."

"ರೇಣು, ನಾ ಹೇಳಾಂವ ಇದ್ದೆ..."

"ನಿಮ್ಮ ಅವ್ವ ಇಲ್ಲೇ ಅದಾರ." ರಿಸೀವರನ್ನು ಶಿವಬಸವ್ವನ ಕೈಗೆ ಕೊಟ್ಟಳು.

ಅವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಶಿವಬಸವ್ವ ಫೋನಿಗೆ ಕೈ ಅಡ್ಡ ಹಿಡಿದು ಕೂಗಿದರು. "ಮದವಿಗೆ ನೀನೂ ಬರಬೇಕವ್ವಾ. ಬೀಗರ ಕೂಡ ಮಾತಾಡ್ಲಿಕ್ಕೆ ಯಾರದಾರ ನಮಗ?"

"ನಾ ಬರಂಗಿಲ್ರಿ."

"ಯಾಕವ್ವಾ?"

"ನಿಮ್ಮ ಮಗ ಲೈನಿನ್ಯಾಗ ಅದಾನಲ್ರಿ, ಅವನ್ನೇ ಕೇಳ್ರಿ," ಎಂದು ರೇಣು ಮೆಟ್ಟಿಲಿಳಿದಳು.