ಲಲಿತಮ್ಮನ ಸೆವೆನ್ ವುಡ್

ಚೆಂಡು ಹಳ್ಳಕ್ಕೆ ಬೀಳುವ ಸದ್ದು ಮಹಿಮಾಳಿಗೆ ಈಗ ಚೆನ್ನಾಗಿ ಪರಿಚಯ. ಯಾರೋ ಏನೋ ಹೇಳಲು ತುಟಿ ತೆರೆದು ಮತ್ತೆ ಮುಚ್ಚಿಕೊಂಡಷ್ಟು ಚಿಕ್ಕ ಸದ್ದು ಅದು.

ಶಶಿಕಿರಣ ಗಾಲ್ಫ್ ಕ್ಲಬ್ಬನ್ನು ಊರುಗೋಲಿನಂತೆ ಹುಲ್ಲಿಗೆ ಊರಿ, ಅದರ ಮೇಲೆ ಭಾರ ಬಿಟ್ಟು ನಿಂತ. ಇಲಿಜ್ವರ ಅವನ ಜೀವ ಬಿಟ್ಟುಕೊಟ್ಟಿತ್ತು, ತೋಳಿನ ಕಸುವನ್ನು ಇಟ್ಟುಕೊಂಡಿತ್ತು.

"ಸಾಕು ಮಹಿ."

"ಇನ್ನೊಂದು ಹೊಡಿ."

"ಎಂತಕ್ಕೆ? ಹಳ್ಳದ ಏಡಿಗಳಿಗೆ ಆಟದ ಸಾಮಾನು ಸಾಲ್ತಿಲ್ವಾ?"

ಅವಳು ನಕ್ಕಳು. ಅವನು ನಗಲಿಲ್ಲ.

ಕೊಪ್ಪದಾಚೆ ಪ್ಲಾಂಟರುಗಳು ತಮಗಾಗಿ ಮಾಡಿಕೊಂಡಿದ್ದ ಒಂಬತ್ತು ಹೋಲಿನ ಗಾಲ್ಫ್ ಕೋರ್ಸ್ ಅದು. ಗುಂಡಿಗಳ ಸುತ್ತ ಹುಲ್ಲು ನಿಲ್ಲದೆ, ಎಣ್ಣೆ ಕಲಸಿದ ಮರಳು ಹಾಸಿದ್ದರು. ನಾಲ್ಕನೆಯ ಹೋಲಿಗೆ ಅಡ್ಡಲಾಗಿ ಹಳ್ಳ. ಹಿಂದಿನ ವರ್ಷ ಇದೇ ಜಾಗದಿಂದ ಶಶಿಕಿರಣ ಚೆಂಡು ಹೊಡೆದು, ಅದಿನ್ನೂ ಗಾಳಿಯಲ್ಲಿರುವಾಗಲೇ ಅವಳ ಕಡೆ ತಿರುಗಿ, "ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ್ದ. ಹುಬ್ಬೊಂದನ್ನು ಮಾತ್ರ ಎತ್ತಿ, ಪೆನ್ನು ಕೇಳುವಷ್ಟು ಹಗುರವಾಗಿ. ಚೆಂಡು ಆಚೆ ದಡ ಮುಟ್ಟುವ ಮೊದಲೇ ಅವಳು ಹೂಂ ಎಂದಿದ್ದಳು.

"ಬರೋ ಭಾನುವಾರ ಕೊನೆ," ಎಂದ ಈಗ. "ಅವತ್ತೂ ಚೆಂಡು ಹಳ್ಳ ದಾಟದಿದ್ರೆ ನಿಮ್ಮಪ್ಪನ ಹತ್ರ ನಾನೇ ಬಂದು ಹೇಳ್ತೀನಿ. ನಿಶ್ಚಯ ಮುರೀಲಿ."

"ಮದುವೆಗೂ ಚೆಂಡಿಗೂ ಎಂತ ಸಂಬಂಧ ಮಾರಾಯ?"

"ಅವತ್ತು ಕೇಳಿದ ಆಳೇ ಬೇರೆ, ಮಹಿ. ಅವನಿಗೆ ಹೂಂ ಅಂದೋಳನ್ನ ನಾನು ಹಿಡಿದಿಟ್ಟುಕೊಳ್ಳೋದು ಸರಿ ಅಲ್ಲ."

ಅವನು ಹಠಮಾರಿ. ಹೇಳಿದರೆ ಮಾಡುವವನು.

ಅವನ ಕೈಯಲ್ಲಿದ್ದ ಕ್ಲಬ್ಬು, ದೂರ ಹೊಡೆಯಲು ಬಳಸುವ ಥ್ರೀ ವುಡ್, ಅವಳೇ ಆರಿಸಿದ್ದು. ಅವಳು ನರಸಿಂಹರಾಜಪುರದ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಸೈಬರ್ ಕೆಫೆಯಲ್ಲಿ ಕೂತು ಓದಿ, ಅವನ ಹಳೆಯ ಸ್ಟೀಲ್ ದಂಡಿನದಕ್ಕಿಂತ ಹಗುರವಾದದ್ದನ್ನು ಬೆಂಗಳೂರಿನಿಂದ ತರಿಸಿದ್ದಳು. ಉಳಿದುದೆಲ್ಲ ಹಳೆಯದರಂತೆಯೇ ಇರಲಿ ಎಂದು ನೋಡಿಕೊಂಡಿದ್ದಳು.

ಮರುದಿನ ಕಾಲೇಜಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಾಗ ಅವಳಿಗೆ ತನ್ನ ತಪ್ಪು ಹೊಳೆಯಿತು. ಒಂದು ಪ್ರಯೋಗದಲ್ಲಿ ಒಂದನ್ನೇ ಬದಲಿಸಬೇಕು ಎಂದು ಮಕ್ಕಳಿಗೆ ಹೇಳಿ ಹೇಳಿ, ಇಲ್ಲಿಯೂ ತೂಕವೊಂದನ್ನೇ ಬದಲಿಸಿದ್ದಳು. ಆ ಕ್ಲಬ್ಬಿನಲ್ಲಿ ಚೆಂಡಿಗೆ ತಾಗುವ ಮುಖ ಹೆಚ್ಚುಕಡಿಮೆ ನೆಟ್ಟಗಿತ್ತು. ವೇಗದ ತೋಳಿಗೆ ಅದು ಸರಿ. ನಿಧಾನದ ತೋಳು ಬೀಸಿದರೆ ಚೆಂಡು ಮೇಲೇಳದೆ ಹುಲ್ಲು ಸವರಿಕೊಂಡು ಹೋಗಿ ಹಳ್ಳಕ್ಕೆ ಬೀಳುತ್ತದೆ. ಅವನಿಗೆ ಬೇಕಾದದ್ದು ಮುಖ ಹಿಂದಕ್ಕೆ ಹೆಚ್ಚು ವಾಲಿದ, ದಂಡು ಗಿಡ್ಡವೂ ಮೆದುವೂ ಆದ ಸೆವೆನ್ ವುಡ್. ಅವಳು ಲೆಕ್ಕ ಹಾಕಿದ್ದು ಜ್ವರಕ್ಕೆ ಮೊದಲಿನ ಶಶಿಗೆ.

ಬೆಂಗಳೂರಿನಿಂದ ಮತ್ತೆ ತರಿಸಲು ಹೊತ್ತಿರಲಿಲ್ಲ. ಆಗ ನೆನಪಾದದ್ದು ಲಲಿತಮ್ಮ, ಶಶಿಯ ಜೊತೆ ಆಡುವ ದತ್ತಮೂರ್ತಿಯವರ ಹೆಂಡತಿ. ಹಿಂದೆ ಅವರೂ ಆಡುತ್ತಿದ್ದರು, ಅವರ ಹತ್ತಿರ ಒಂದು ಸೆವೆನ್ ವುಡ್ ಇತ್ತು.

"ಮಂಡಿನೋವು ಶುರುವಾದ ಮೇಲೆ ಮುಟ್ಟಿಲ್ಲ ಕೂಸೇ. ಜೇಡ ಸಂಸಾರ ಹೂಡಿದೆ," ಎನ್ನುತ್ತ ಲಲಿತಮ್ಮ ಕ್ಲಬ್ಬನ್ನು ಸೆರಗಿನಲ್ಲಿ ಒರೆಸಿ ಕೊಟ್ಟರು. ಹಿಡಿಯ ಕೆಳಗೆ ತಿಳಿನೇರಳೆ ಪಟ್ಟಿ, ಅದರ ಮೇಲೆ 'ಲೇಡಿ' ಎಂಬ ಇಂಗ್ಲಿಷ್ ಅಕ್ಷರಗಳು. "ಇದು ಹೆಂಗಸರದ್ದು. ನಿನ್ನ ಶಶಿ ಹಿಡೀತಾನಾ?"

"ಗೊತ್ತಾಗದ ಹಾಗೆ ಮಾಡ್ತೀನಿ."

"ಇದು ಕ್ಲಬ್ಬಿನ ಮಾತಾ, ಸಂಸಾರದ ಮಾತಾ?"

ಮಹಿಮಾ ಕ್ಲಬ್ಬನ್ನು ಕಾಲೇಜಿಗೆ ಒಯ್ದಳು. ಲ್ಯಾಬಿನ ಸ್ಪ್ರಿಂಗ್ ಬ್ಯಾಲೆನ್ಸಿಗೆ ತೂಗುಹಾಕಿ ನೋಡಿದಳು. ಶಶಿಯ ಸ್ಟೀಲಿನದಕ್ಕಿಂತ ಒಂದು ನಿಂಬೆಹಣ್ಣಿನಷ್ಟು ಹಗುರ. ತೀರಾ ಹಗುರವಾದರೆ ಕ್ಲಬ್ಬಿನ ತಲೆ ಎಲ್ಲಿದೆ ಎಂದೇ ಕೈಗೆ ತಿಳಿಯುವುದಿಲ್ಲ. ಇದರಲ್ಲಿ ತಿಳಿಯುತ್ತಿತ್ತು. ಆಮೇಲೆ ಕಪ್ಪು ಇನ್ಸುಲೇಶನ್ ಟೇಪು ತಂದು ನೇರಳೆ ಪಟ್ಟಿಯ ಮೇಲೆ ಸುತ್ತಿದಳು.

ಭಾನುವಾರ ಬೆಳಿಗ್ಗೆ ಹುಲ್ಲೆಲ್ಲ ಇಬ್ಬನಿ. ಶಶಿ ಕ್ಲಬ್ಬನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದ.

"ಎಲ್ಲಿಂದ ಬಂತು?"

"ಒಬ್ಬರ ಹತ್ರ ಇತ್ತು. ಬಲ ಹಾಕಬೇಡ. ಚೆಂಡು ಎತ್ತೋ ಕೆಲಸ ಅದೇ ಮಾಡುತ್ತೆ."

"ಮೇಡಂ ಹೇಳಿದ ಹಾಗೆ," ಎಂದ. ಎಷ್ಟೋ ಕಾಲದ ಮೇಲೆ ಅವನ ಕಣ್ಣಂಚಿನಲ್ಲಿ ಹಳೆಯ ತುಂಟತನ ಸುಳಿಯಿತು. ಅವಳು ನೋಟ ತಪ್ಪಿಸಿದಳು. ಇದೇ ಕೊನೆಯದಾದರೆ ಎಂಬ ಹೆದರಿಕೆಯಲ್ಲಿ ಮತ್ತೆ ನೋಡಿದಳು.

ಅವನು ನಿಧಾನವಾಗಿ ಬೀಸಿದ. ಚೆಂಡು ಎದ್ದಿತು. ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗಿ, ಹಳ್ಳದಾಚೆಯ ಹುಲ್ಲಿನಲ್ಲಿ ಮೆತ್ತಗೆ ಕೂತಿತು. ಶಶಿ ಅವಳ ಕಡೆ ತಿರುಗಿದ. ತುಟಿ ತೆರೆಯಿತು.

"ಎಲಾ ಇವನ," ಎಂದರು ಹಿಂದೆ ನಿಂತಿದ್ದ ದತ್ತಮೂರ್ತಿ. "ಆ ಟಪ್ ಅನ್ನೋ ಸದ್ದು ನಂಗೆ ಗೊತ್ತು. ನಮ್ಮನೆ ಲಲಿತಂದು ಅಲ್ವನಾ ಇದು?"

ಶಶಿ ಕೆಳಗೆ ನೋಡಿದ. ಇಬ್ಬನಿಯ ಒದ್ದೆಗೆ ಟೇಪಿನ ತುದಿ ಬಿಟ್ಟುಕೊಂಡಿತ್ತು. ಅಡಿಯಲ್ಲಿ ನೇರಳೆ.

"ನಾನು ದಾಟಿಸ್ತೀನಿ ಅಂತ ನಿಂಗೂ ನಂಬಿಕೆ ಇರಲಿಲ್ಲ," ಎಂದ, ತೀರಾ ಮೆಲ್ಲಗೆ. ಕ್ಲಬ್ಬನ್ನು ಹುಲ್ಲಿನಲ್ಲಿಟ್ಟು ಹಳ್ಳದ ಕಡೆ ನಡೆದ.

ಹಳ್ಳ ದಾಟಲು ಹಾಕಿದ್ದ ಮರದ ದಿಮ್ಮಿಯ ಸಂಕದ ಮೇಲೆ ಮಹಿಮಾ ಅವನನ್ನು ಹಿಡಿದಳು. ಅಕ್ಷರಶಃ ಅಂಗಿ ಹಿಡಿದಳು.

"ದಾಟಿಸಲ್ಲ ಅಂತಲ್ಲ ಶಶಿ. ಬಣ್ಣ ನೋಡಿ ಮುಟ್ಟೋದೇ ಇಲ್ಲ ಅಂತ ಹೆದರಿದೆ. ಮುಚ್ಚಿಟ್ಟಿದ್ದು ತಪ್ಪು, ಒಪ್ಕೋತೀನಿ. ಆದ್ರೆ ನೀನು? ಕೈ ನಡುಗಿ ಚೆಲ್ಲುತ್ತೆ ಅಂತ ಲೋಟಕ್ಕೆ ಅರ್ಧ ಕಾಫಿ ಹಾಕಿಸ್ಕೊಳ್ಳೋದು ನಂಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ನೀನೂ ಟೇಪ್ ಸುತ್ತಿಕೊಂಡೇ ಇದೀಯ."

ಅವನು ನೀರನ್ನೇ ನೋಡುತ್ತಿದ್ದ.

"ಹಳೇ ಶಶಿ ಕೇಳಿದ, ಹೂಂ ಅಂದೆ," ಎಂದಳು ಮಹಿಮಾ. "ಈ ಶಶಿ ಒಂದು ಸಲವೂ ಕೇಳಲಿಲ್ಲ. ಕೇಳದೇನೇ ಬಿಟ್ಟು ಹೋಗ್ತಿದಾನೆ."

ಅವನು ಅವಳ ಬೆರಳುಗಳನ್ನು ಅಂಗಿಯಿಂದ ಬಿಡಿಸಿದ. ಅವಳನ್ನು ದಾಟಿ ವಾಪಸು ನಡೆದ. ಮುಗಿಯಿತು ಎಂದುಕೊಂಡು ಅವಳು ಅಲ್ಲೇ ನಿಂತಳು.

ತಿರುಗಿ ನೋಡಿದಾಗ ಅವನು ಕ್ಲಬ್ಬನ್ನು ಕೈಗೆತ್ತಿಕೊಂಡು, ಉಗುರಿನಿಂದ ಟೇಪು ಕೀಳುತ್ತಿದ್ದ. ಹೆಬ್ಬೆರಳು ನಡುಗುತ್ತಿತ್ತು, ಟೇಪು ಜಾರುತ್ತಿತ್ತು. ಓಡಿ ಹತ್ತಿರ ಹೋದವಳು ಸಹಾಯ ಮಾಡದಿರಲು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬಹಳ ಹೊತ್ತಾಯಿತು. ಕೊನೆಗೆ ನೇರಳೆ ಪಟ್ಟಿ ಪೂರ್ತಿ ಬಿಸಿಲಿಗೆ ಬಂತು.

"ದತ್ತಮಾವ, ಇದು ನನ್ನ ಹತ್ರಾನೇ ಇರುತ್ತೆ ಅಂತ ಲಲಿತತ್ತೆಗೆ ಹೇಳಿ."

"ಬಣ್ಣ ಒಪ್ಪುತ್ತೆ ಮಾರಾಯ," ಎಂದರು ಅವರು.

ಶಶಿ ಇನ್ನೊಂದು ಚೆಂಡು ಇಟ್ಟು ಬೀಸಿದ. ಅದು ಎತ್ತ ಹೋಯಿತೆಂದು ನೋಡದೆ ಅವಳ ಕಡೆ ತಿರುಗಿದ. ಈ ಸಲ ಹುಬ್ಬು ಎತ್ತಲಿಲ್ಲ. ಕಣ್ಣು ತುಂಬಿತ್ತು.

"ಈ ಶಶಿ ಕೇಳ್ತಿದಾನೆ. ಆಗ್ತೀಯಾ?"

ಹಳ್ಳದಲ್ಲಿ ಆ ಚಿಕ್ಕ ಸದ್ದು ಆಗುವಷ್ಟರಲ್ಲಿ ಅವಳು ಹೂಂ ಎಂದಾಗಿತ್ತು.