ಎಂಟನೆಯ ಸರದಾರ

ಬಹಳ ಹಿಂದೆ, ಕಾಗದವೇ ಒಂದು ಸೋಜಿಗವಾಗಿದ್ದ ಕಾಲದಲ್ಲಿ, ಕುಸುಮಾವತಿ ಎಂಬ ರಾಜ್ಯವಿತ್ತು. ಅಲ್ಲಿನವರಿಗೆಲ್ಲ ಒಂದು ಹಳೆಯ ನಗೆಕತೆ ಅಚ್ಚುಮೆಚ್ಚು. ಊಟದ ಮನೆಗೆ ಮೊದಲು ಯಾರು ಕಾಲಿಡಬೇಕೆಂದು ಏಳು ಸರದಾರರು ಬಾಗಿಲಲ್ಲೇ ಜಗಳಾಡುತ್ತ ನಿಂತು, ಒಳಗೆ ಹೋಳಿಗೆಯೆಲ್ಲ ಹಳಸಿಹೋಗುವ ಕತೆ. ಚಿತ್ರಗಾರ ಸಿಂಗಪ್ಪ ಅದಕ್ಕೆ ಬಣ್ಣದ ಚಿತ್ರ ಬರೆದ. ಹೆಂಡತಿ ಚಂಪಕ್ಕ ಹಾಳೆ ಹೊಲಿದು ರಟ್ಟು ಕಟ್ಟಿದಳು. ಮಾಡಿದ್ದು ಒಂಬತ್ತೇ ಪ್ರತಿ.

ಒಂಬತ್ತನ್ನೂ ಕೊಂಡವನು ಮಾಂತ್ರಿಕ ಸಂಚಯಾಕ್ಷ. ಅವನು ಪುಸ್ತಕ ಕೂಡಿಡುವವನು, ಓದುವವನಲ್ಲ. ಲೋಕದಲ್ಲೆಲ್ಲೂ ಇರದಂಥ ಒಂದು ಪ್ರತಿ ತನ್ನಲ್ಲಿರಬೇಕೆಂದು ಒಂದು ಬೆಳಿಗ್ಗೆ ಸಿಂಗಪ್ಪನನ್ನೇ ಮಂತ್ರ ಹಾಕಿ ಚಿತ್ರದೊಳಗೆ ಎಂಟನೆಯ ಸರದಾರನಾಗಿ ನಿಲ್ಲಿಸಿಬಿಟ್ಟ. ಹೊತ್ತು ಮುಳುಗಿದರೆ ಬಣ್ಣ ಒಣಗುತ್ತದೆ. ಆಮೇಲೆ ಸಿಂಗಪ್ಪ ಬರೀ ಚಿತ್ರ.

ಸುದ್ದಿ ಕೇಳಿದ ಚಂಪಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಮಾಂತ್ರಿಕನ ಮನೆಗೆ ಹೊರಟಳು.

ಮೊದಲ ಬಾಗಿಲಲ್ಲಿ ಎಮ್ಮೆಗಾತ್ರದ ಪುಸ್ತಕದ ಹುಳು ಬಾಯಿ ತೆರೆಯಿತು. ಹುಳು ಹಿಡಿಯದಿರಲೆಂದು ಅಂಟಿಗೆ ಬೆರೆಸುವ ಬಜೆ ಬೇರಿನ ಪುಡಿ ಚಂಪಕ್ಕನ ಚೀಲದಲ್ಲಿತ್ತು. ಒಂದು ಹಿಡಿ ಎರಚಿದಳು. ಹುಳು ಸೀನುತ್ತ ಓಡಿತು.

ಎರಡನೆಯ ಬಾಗಿಲಲ್ಲಿ ಕಲ್ಲಿನ ಸಿಂಹ. ಅದು ಬಿರುದಾವಳಿ ಇಲ್ಲದವರನ್ನು ಒಳಗೆ ಬಿಡುತ್ತಿರಲಿಲ್ಲ. ಒಂಬತ್ತು ಸಲ ಹೊಲಿದ ಹಾಳೆಗಳಲ್ಲವೇ? ಕತೆಯ ಹಿರಿಯ ಸರದಾರನ ಬಿರುದುಗಳೆಲ್ಲ ಅವಳಿಗೆ ಬಾಯಿಪಾಠ. ಒಂದೇ ರಾಗದಲ್ಲಿ ಒಪ್ಪಿಸಿದಳು. ಹನ್ನೊಂದನೆಯದಕ್ಕೆ ಸಿಂಹ ಗೊರಕೆ ಹೊಡೆಯಿತು.

ಮೂರನೆಯ ಬಾಗಿಲಾಚೆ ಸಂಚಯಾಕ್ಷನೇ ಕೂತಿದ್ದ. ಮುಂದೆ ಮುಚ್ಚಿದ ಒಂಬತ್ತು ಪುಸ್ತಕ.

"ಒಂದನ್ನು ಮಾತ್ರ ಮುಟ್ಟಬೇಕು, ತಾಯಿ. ಗಂಡನಿರುವುದಾದರೆ ಅವನು ಹೊರಗೆ, ತಪ್ಪಿದರೆ ನೀನೂ ಒಳಗೆ," ಎಂದ.

ಕಿಟಕಿಯಲ್ಲಿ ಬಿಸಿಲು ಕೆಂಪಾಗಿತ್ತು. ಚಂಪಕ್ಕ ಸಾವಕಾಶ ಕೂತು, ಸುಮ್ಮನೆ ಮಾತಿಗೆಂಬಂತೆ ಹೇಳಿದಳು:

"ಏನೇ ಅನ್ನಿ, ಆ ಸರದಾರರ ಮೀಸೆ ಚೆಂದ. ನನ್ನ ತಮ್ಮ ತಿದ್ದಿದ ಮೇಲೆ ತಾನೇ ಅದಕ್ಕೆ ಕಳೆ ಬಂದದ್ದು."

ಆರನೆಯ ಪುಸ್ತಕ ಗುಟುರು ಹಾಕಿತು. "ನಿನ್ನ ತಮ್ಮನಿಗೆ ಕುಂಚ ಹಿಡಿಯೋಕೆ ಬರುತ್ತೇನೇ?"

ಚಂಪಕ್ಕ ಅದನ್ನೇ ಮುಟ್ಟಿದಳು. ಕಿವಿಗೆಲ್ಲ ನೀಲಿ ಬಣ್ಣ ಮೆತ್ತಿಕೊಂಡು ಸಿಂಗಪ್ಪ ಹೊರಗೆ ಬಂದು ಬಿದ್ದ. ಬಿದ್ದಲ್ಲಿಂದಲೇ ಮೀಸೆ ತನ್ನದೆಂದು ವಾದಿಸಿದ.

"ಗೊತ್ತು, ಏಳಿ," ಎಂದಳು ಚಂಪಕ್ಕ. ಅವನ ಅಂಗಿಯ ತೋಳು ಹಿಡಿದು ಸಮಾಧಾನವಾಗುವಷ್ಟು ಅತ್ತಳು.

ಅತ್ತ ಸಂಚಯಾಕ್ಷ ಪುಸ್ತಕ ಬಿಚ್ಚಿ ಎಣಿಸಿದ. ಏಳೇ ಸರದಾರರು! ಉಳಿದ ಎಂಟು ಪ್ರತಿಗಳ ಹಾಗೆಯೇ ಇದೂ ಒಂದು. ಅದನ್ನು ಸಹಿಸುವುದು ಅವನಿಂದಾಗಲಿಲ್ಲ. ಮಂತ್ರ ಹೇಳಿ, ಖಾಲಿ ಜಾಗಕ್ಕೆ ತಾನೇ ಕಾಲಿಟ್ಟ. ಹೊತ್ತು ಮುಳುಗಿತು, ಬಣ್ಣ ಒಣಗಿತು.

ಗಂಡಹೆಂಡತಿ ಒಂಬತ್ತನ್ನೂ ಹೊತ್ತು ತಂದು ಊರೂರಿಗೆ ಹಂಚಿದರು. ಜನ ಉಣ್ಣುತ್ತ ಓದಿದರು, ಕೈಯಿಂದ ಕೈಗೆ ದಾಟಿಸಿದರು, ನಕ್ಕು ನಕ್ಕು ಹಾಳೆ ಹರಿದರು. ಅಂದಿನಿಂದ ಕುಸುಮಾವತಿಯಲ್ಲಿ ಎಲ್ಲರೂ ಸುಖವಾಗಿದ್ದರು. ಪುಸ್ತಕಗಳ ಬೆನ್ನು ಮಾತ್ರ ಮುರಿಯುತ್ತಿತ್ತು. ಹೊಲಿಯಲು ಚಂಪಕ್ಕ ಇದ್ದಳು.