ಉದ್ದಣ್ಣನ ಗಜಗಮನ

ಬಹಳ ಹಿಂದೆ, ಬೆಟ್ಟಗಳು ಬೇಸರವಾದಾಗ ಎದ್ದು ಬೇರೆ ಕಡೆ ಹೋಗಿ ಕೂರುತ್ತಿದ್ದ ಕಾಲದಲ್ಲಿ, ಗವಿನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಆನೆ ಕುದುರೆಗಳಿಗಿಂತ ಹೆಚ್ಚಿನ ಮರ್ಯಾದೆ ಕುಳ್ಳನಾಯಿಗಳಿಗೆ. ಮೈ ಮಾರುದ್ದ, ಕಾಲು ಗೇಣುದ್ದ, ಕಿವಿ ನೆಲ ಗುಡಿಸುವಷ್ಟು. ಇವುಗಳ ಮುತ್ತಜ್ಜಂದಿರು ಬಿಲಗಳಿಗೆ ನುಗ್ಗಿ ಮಾಯಾವಿ ಹಾವುಗಳನ್ನು ಎಳೆದುಹಾಕಿ ರಾಜ್ಯ ಉಳಿಸಿದ್ದರಂತೆ.

ಆ ಋಣ ತೀರಿಸಲು ಗವಿನಾಡಿನವರು ಏನು ಮಾಡಿದರು ಗೊತ್ತೇ? ನಾಯಿಗಳನ್ನು ಎತ್ತರದ ಪೀಠಗಳ ಮೇಲೆ ಕೂರಿಸಿದರು. ಬೆಳಿಗ್ಗೆ ತುಪ್ಪ ಸುರಿದ ಹೋಳಿಗೆ, ಸಂಜೆ ಕೆನೆ ಹಾಕಿದ ಪಾಯಸ. ನಾಯಿಗಳೋ ತಿಂದು, ಪೀಠದಿಂದ ಧೊಪ್ಪನೆ ಧುಮುಕಿ, ಮತ್ತೆ ತಿಂದು ಕುಂಬಳಕಾಯಿಯ ಹಾಗಾದವು. ನಡೆದರೆ ಸೊಂಟ ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ತೂಗುತ್ತಿತ್ತು. ಜನ ಅದನ್ನು ಕಂಡು ಕೈಮುಗಿಯುತ್ತಿದ್ದರು. "ಆಹಾ, ಗಜಗಮನ! ಥೇಟ್ ಪಟ್ಟದಾನೆಯ ನಡಿಗೆ!" ಆಸ್ಥಾನದವರೆಲ್ಲ ಅದನ್ನೇ ಕಲಿತು ಸೊಂಟ ತೂಗಾಡಿಸುತ್ತ ನಡೆಯುತ್ತಿದ್ದರು. ಮಂತ್ರಿಯಂತೂ ಒಳಗೆ ಬರುವಾಗ ಬಾಗಿಲಿನ ಎರಡೂ ಕಡೆ ಬಡಿದುಕೊಂಡೇ ಬರುತ್ತಿದ್ದ.

ರಾಜ ಚಂದ್ರಶೂರನಿಗೆ ಪದುಮಲೆ ಎಂಬ ಒಬ್ಬಳೇ ಮಗಳು. ಅವಳಿಗೆ ಉದ್ದಣ್ಣ ಎಂಬ ಕುಳ್ಳನಾಯಿ. ಇಡೀ ರಾಜ್ಯದಲ್ಲಿ ಅವನಷ್ಟು ಸೊಗಸಾಗಿ ತೂಗಾಡುವ ನಾಯಿ ಇನ್ನೊಂದಿರಲಿಲ್ಲ. ಪದುಮಲೆಗೆ ಅದೇ ಒಂದು ಹೆಮ್ಮೆ.

ಒಂದು ದಿನ ಧೂಮಕೇಶನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದು, "ನಿನ್ನ ಸಿಂಹಾಸನ ನನಗೆ ಕೊಡು" ಅಂದ. ರಾಜ ನಕ್ಕುಬಿಟ್ಟ. ಮಾಂತ್ರಿಕ ಒಂದು ಹಿಡಿ ಬೂದಿ ತೂರಿದ. ಅಷ್ಟೇ, ರಾಜನ ಎರಡು ಪಾದಗಳೂ ಕಲ್ಲಾದವು!

"ಕಲ್ಲು ಮೇಲೇರುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಎದೆ ಮುಟ್ಟುತ್ತದೆ. ಆಮೇಲೆ ಸಿಂಹಾಸನ ನನ್ನದು," ಅಂದ ಧೂಮಕೇಶ. "ನನ್ನ ಶಕ್ತಿಯೆಲ್ಲ ಮೂಡಣ ಬೆಟ್ಟದ ಬಿಲದೊಳಗಿನ ನೀಲಿ ಕಪ್ಪೆಯಲ್ಲಿದೆ. ಅದನ್ನು ಬಿಸಿಲಿಗೆ ಎಳೆದರೆ ನನ್ನ ಕತೆ ಮುಗಿಯಿತು. ಕಳಿಸಿ, ನಿಮ್ಮ ಗಜಗಮನರನ್ನೇ ಕಳಿಸಿ!" ಹೊಟ್ಟೆ ಹಿಡಿದು ನಗುತ್ತ ಹೊರಟುಹೋದ.

ಪದುಮಲೆ ಕಣ್ಣೊರೆಸಿಕೊಂಡು ಅಂದಳು: "ಅಪ್ಪಾಜಿ, ಉದ್ದಣ್ಣನನ್ನು ಕರೆದುಕೊಂಡು ನಾನು ಹೋಗುತ್ತೇನೆ."

"ಹುಷಾರು, ಮಗಳೇ. ನನ್ನ ಪ್ರಾಣಕ್ಕಿಂತ ನಿನ್ನ ಪ್ರಾಣ ದೊಡ್ಡದು," ಅಂದ ರಾಜ.

ರಾಜಕುಮಾರಿಯ ರಥ ಬೆಟ್ಟದ ತಪ್ಪಲಿಗೆ ಬಂತು. ಕಪ್ಪೆಯ ವಾಸನೆ ಹಿಡಿದ ಉದ್ದಣ್ಣ ರಥದಿಂದ ಒಂದೇ ನೆಗೆತ ನೆಗೆದ. ನೆಗೆದವನು "ಕುಂಯ್ಯೋ" ಎಂದು ಕೂಗಿ ಬಿದ್ದ. ಹಿಂಗಾಲು ಎತ್ತಲಾಗಲಿಲ್ಲ.

ಆಗ ಬಂಡೆಯ ಹಿಂದಿನಿಂದ ಒಂದು ಮುದಿ ಕರಡಿ ಬಂತು. ಅದಕ್ಕೆ ಮಾತು ಬರುತ್ತಿತ್ತು.

"ಏನೇ ಕೂಸೇ, ನಾಯಿಗೆ ಸೊಂಟ ಹೋಗಿದೆಯಲ್ಲೇ!"

"ಇಲ್ಲ ಅಜ್ಜಿ, ಅವನು ನಡೆಯುವುದೇ ಹಾಗೆ. ಅದು ಗಜಗಮನ."

"ನಿನ್ನ ಗಜಗಮನಕ್ಕಿಷ್ಟು ಬೆಂಕಿ ಹಾಕ! ಇಲ್ಲಿ ಕೈಯಿಡು."

ಪದುಮಲೆ ಸೊಂಟದ ಮೇಲೆ ಕೈಯಿಟ್ಟಳು. ಕರಡಿ ಹಿಂಗಾಲನ್ನು ಮೆಲ್ಲಗೆ ಅಲುಗಾಡಿಸಿತು. ಒಳಗೆ ಕಟಕ್ ಎಂದಿತು. ಉದ್ದಣ್ಣ ನಡುಗಿದ, ಆದರೂ ಅವಳ ಕೈಯನ್ನೇ ನೆಕ್ಕಿದ.

"ತೂಗಾಡೋದು ಠೀವಿಗಲ್ಲ ಕಣೇ, ನೋವಿಗೆ. ಒಂದು ಕಾಲು ನೋಯುತ್ತೆ ಅಂತ ಇನ್ನೊಂದರ ಮೇಲೆ ಭಾರ ಹಾಕುತ್ತೆ, ಅದೂ ನೋಯುತ್ತೆ ಅಂತ ಇದರ ಮೇಲೆ. ಮೂಕಪ್ರಾಣಿ, ಯಾರ ಹತ್ತಿರ ಹೇಳಿಕೊಳ್ಳಬೇಕು?"

ಪದುಮಲೆಗೆ ಈಗ ಅರ್ಥವಾಯಿತು. ಇಷ್ಟು ವರ್ಷ ಇವನ ನೋವಿಗೆ ತಾನು ಚಪ್ಪಾಳೆ ತಟ್ಟಿದೆನಲ್ಲ! ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

"ಅತ್ತರೆ ಸೊಂಟ ಗಟ್ಟಿಯಾಗಲ್ಲ," ಅಂತು ಕರಡಿ. "ಮೂರು ಪರೀಕ್ಷೆ ಇದೆ. ನಾಯಿಗಲ್ಲ, ನಿನಗೆ. ಮೊದಲನೆಯದು, ಅವನು ಬೇಡಿದರೂ ಹೆಚ್ಚಿಗೆ ತಿನ್ನಲು ಕೊಡಬೇಡ. ಎರಡನೆಯದು, ನಿನಗೆ ಎಷ್ಟೇ ಅವಸರ ಇದ್ದರೂ ಅವನ ಹೆಜ್ಜೆಗೆ ಹೆಜ್ಜೆ ಹಾಕು. ಮೂರನೆಯದು ಬಂದಾಗ ನಿನಗೇ ತಿಳಿಯುತ್ತೆ."

ಮೊದಲನೆಯ ಪರೀಕ್ಷೆ ಶುರುವಾಯಿತು. ಅಳತೆಯ ಊಟ, ಬೆಚ್ಚನೆಯ ಎಣ್ಣೆ ಹಚ್ಚಿ ನೀವುವುದು, ತಪ್ಪಲಿನ ಕೊಳದಲ್ಲಿ ಈಜಾಟ. ನೀರು ಮೈಭಾರ ಹೊತ್ತರೆ ಕಾಲು ನೋವಿಲ್ಲದೆ ದುಡಿಯುತ್ತದೆ ಅಂತ ಕರಡಿಯಜ್ಜಿ ಹೇಳಿತ್ತು. ಆ ಮಾಯದ ಕೊಳಕ್ಕೋ ವಿಪರೀತ ಕಚಗುಳಿ. ಉದ್ದಣ್ಣನ ಹೊಟ್ಟೆ ತಾಗಿದರೆ ಸಾಕು, ಕಿಲಕಿಲ ನಗುತ್ತಿತ್ತು. ಈ ಆರೈಕೆಯ ಸುದ್ದಿ ತಿಳಿದ ಧೂಮಕೇಶ ಒಂದು ಮಾಯಾ ಕಾವಲಿಯನ್ನು ಕಳಿಸಿದ. ಅದು ಗಾಳಿಯಲ್ಲಿ ತೇಲಿಬಂದು ಘಮಘಮಿಸುವ ಹೋಳಿಗೆ ಉದುರಿಸಿತು. ಉದ್ದಣ್ಣ ಪದುಮಲೆಯ ಕಡೆ ನೋಡಿದ. ಅಯ್ಯೋ, ಆ ನೋಟ! ಕಲ್ಲೂ ಕರಗಬೇಕು. ಆಗಲೇ ಅರಮನೆಯ ಗಿಣಿ ಹಾರಿಬಂದು, "ರಾಜರಿಗೆ ಮೊಣಕಾಲಿನವರೆಗೆ ಕಲ್ಲು!" ಅಂತು.

"ಅತಿಯಾದರೆ ಅಮೃತವೂ ವಿಷ, ಉದ್ದಣ್ಣಾ," ಎಂದು ಪದುಮಲೆ ಕಾವಲಿಯನ್ನು ಕೊಳಕ್ಕೆ ಒದ್ದಳು. ಹೋಳಿಗೆಯೆಲ್ಲ ಮೀನುಗಳ ಪಾಲಾಯಿತು.

ಎರಡನೆಯ ಪರೀಕ್ಷೆ ಬಂತು. ಬಿಲ ಇದ್ದದ್ದು ಬೆಟ್ಟದ ನೆತ್ತಿಯಲ್ಲಿ. ಇಂದು ಒಂದಿಷ್ಟು, ನಾಳೆ ಇನ್ನೊಂದಿಷ್ಟು, ಹಾಗೆ ನಡೆಸಿಕೊಂಡೇ ಹೋಗಬೇಕು. ದಾರಿಯಲ್ಲಿ ರೆಕ್ಕೆಯ ಕುದುರೆಯೊಂದು ಇಳಿಯಿತು. "ರಾಜಕುಮಾರಿ, ಹತ್ತು. ಕಣ್ಣು ಮುಚ್ಚಿ ಬಿಡುವುದರೊಳಗೆ ಬಿಲದ ಬಾಗಿಲು!" ಗಿಣಿಯೂ ಬಂತು. "ರಾಜರಿಗೆ ಸೊಂಟದವರೆಗೆ ಕಲ್ಲು!"

ಪದುಮಲೆ ಒಂದು ಕಾಲು ಜೀನಿನ ರಿಕಾಪಿಗೆ ಇಟ್ಟೂ ಇಟ್ಟಳು. ಆದರೆ ನಡೆದು ಗಟ್ಟಿಯಾಗದ ಕಾಲು ಬಿಲದೊಳಗೆ ಏನು ಮಾಡೀತು? ಅವಳು ಕಾಲು ಕೆಳಗಿಟ್ಟಳು. "ಬೇಡಪ್ಪಾ ಕುದುರೆ. ಆತುರಗಾರನಿಗೆ ಬುದ್ಧಿ ಮಟ್ಟ." ಕುದುರೆ ಉಸ್ಸೆಂದು ಹೊಗೆಯಾಗಿ ಹೋಯಿತು. ಅದು ಮಾಂತ್ರಿಕನದೇ ಕಿತಾಪತಿ! ಉದ್ದಣ್ಣ ಟಪಟಪ ಮುಂದೆ ನಡೆದ. ಸೊಂಟ ಈಗ ಅಷ್ಟೇನೂ ತೂಗುತ್ತಿರಲಿಲ್ಲ. ಎತ್ತರದ ಬಂಡೆ ಬಂದರೆ ಮಾತ್ರ ಪದುಮಲೆ ಎದೆಯ ಕೆಳಗೊಂದು ಕೈ, ಸೊಂಟದ ಕೆಳಗೊಂದು ಕೈ ಕೊಟ್ಟು ದಾಟಿಸುತ್ತಿದ್ದಳು.

ಮಳೆಗಾಲ ಮುಗಿಯುತ್ತ ಬಂದಾಗ ಅವರು ಬಿಲದ ಬಾಯಿಗೆ ಬಂದರು. ಧೂಮಕೇಶ ಬಂಡೆಯ ಮೇಲೆ ಕೂತಿದ್ದ. "ಓಹೋ, ಗಜಗಮನರು ದಯಮಾಡಿಸಿದರು! ಬಿಲದ ತುಂಬ ಬೇರು, ಕಲ್ಲು, ಕತ್ತಲೆ. ಒಳಗೇ ಸಾಯುತ್ತಾನೆ, ಕಳಿಸುತ್ತೀಯಾ?"

ಪದುಮಲೆಗೆ ಕರಡಿಯ ಮೂರನೆಯ ಪರೀಕ್ಷೆ ಈಗ ತಿಳಿಯಿತು. ಇಷ್ಟು ದಿನ ಹಿಡಿದು ನಡೆಸಿದವನನ್ನು ಈಗ ಬಿಟ್ಟುಬಿಡಬೇಕು. ಅವಳಿಗೆ ಭಯವಾಯಿತು, ತುಂಬಾ ಭಯವಾಯಿತು. ಮಂಡಿಯೂರಿ, "ಹೋಗಿ ಬಾ, ಕಂದಾ," ಎಂದು ಕೈ ಸಡಿಲಿಸಿದಳು.

ಉದ್ದಣ್ಣ ಒಳಗೆ ನುಸುಳಿದ. ಆನೆ ಹೋಗದ, ಕುದುರೆ ಹೋಗದ, ಮನುಷ್ಯರು ತಲೆಯನ್ನೂ ತೂರಿಸಲಾಗದ ಕಡೆ ಗೇಣುದ್ದದ ಕಾಲುಗಳು ಹೋದವು. ಒಳಗಿಂದ ಒಂದು ಬೊಗಳು, ಒಂದು "ವಟರ್", ಆಮೇಲೆ ಸದ್ದೇ ಇಲ್ಲ. ಗಿಣಿ ಬಂದು ನಡುಗುತ್ತ ಅಂತು: "ಎದೆಯ ಹತ್ತಿರ ಬಂತು, ಅಮ್ಮಣ್ಣೀ!"

"ಉದ್ದಣ್ಣಾ, ಎಳೆಯೋ!" ಎಂದು ಪದುಮಲೆ ಕಿರುಚಿದಳು.

ಒಳಗೆ ಕಪ್ಪೆ ಉಬ್ಬಿ ಉಬ್ಬಿ ಬಿಲಕ್ಕೆ ಸಿಕ್ಕಿಕೊಂಡಿತ್ತು. ಉದ್ದಣ್ಣ ಅದರ ಕಾಲು ಕಚ್ಚಿ, ಹಿಂಗಾಲುಗಳನ್ನು ನೆಲಕ್ಕೆ ನಾಟಿ, ಸೊಂಟ ಕೊಟ್ಟು ಹಿಂದಕ್ಕೆ ಜಗ್ಗುತ್ತಿದ್ದ. ಈಜಿ ಗಟ್ಟಿಯಾದ ಸೊಂಟ, ಬೆಟ್ಟ ಹತ್ತಿ ಗಟ್ಟಿಯಾದ ತೊಡೆ. ಮೊದಲು ಬಾಲ ಕಾಣಿಸಿತು. ಆಮೇಲೆ ಮಣ್ಣು ಮೆತ್ತಿದ ಹಿಂಭಾಗ. ಆಮೇಲೆ ಉದ್ದನೆಯ ಮೈ, ಬರುತ್ತಲೇ ಇತ್ತು, ಬರುತ್ತಲೇ ಇತ್ತು! ಕೊನೆಗೆ ಅವನ ಬಾಯಲ್ಲಿ, ಹೊರಬಂದದ್ದೇ ಕೊಪ್ಪರಿಗೆಯಷ್ಟು ಉಬ್ಬಿದ ನೀಲಿ ಕಪ್ಪೆ.

ಬಿಸಿಲು ಬಿದ್ದದ್ದೇ ತಡ, ಕಪ್ಪೆ ಪುಸ್ಸೆಂದು ಬೂದಿಯಾಯಿತು. ಧೂಮಕೇಶ ಓಡಿದ, ಆದರೆ ಓಡುವಾಗಲೇ ಹೊಗೆಯಾಗಿ, ಬರೀ ಕೆಮ್ಮಾಗಿ, ಕೊನೆಗೆ ಅದೂ ಇಲ್ಲದಂತಾದ.

ಊರಿಗೆ ಮರಳಿದಾಗ ರಾಜ ಚಂದ್ರಶೂರ ಅರಮನೆಯ ಬಾಗಿಲಲ್ಲಿ ನಿಂತಿದ್ದ. ಕಲ್ಲು ಕರಗಿತ್ತು, ಆದರೆ ಕಾಲುಗಳು ಮರಗಟ್ಟಿದ್ದವು. ಮಂತ್ರಿ ಪಲ್ಲಕ್ಕಿ ತರಿಸಿದ. ರಾಜ ಬೇಡವೆಂದ. ಮಗಳ ಕಡೆ ಹೆಜ್ಜೆಯಿಟ್ಟ, ಮುಗ್ಗರಿಸಿದ, ಮತ್ತೆ ಇಟ್ಟ. ಪದುಮಲೆಗೆ ಓಡಿಹೋಗಿ ತಬ್ಬಿಕೊಳ್ಳುವ ಆಸೆ. ಆದರೂ ತಡೆದುಕೊಂಡಳು.

"ನಿಧಾನ, ಅಪ್ಪಾಜಿ. ನಾವು ಕಾಯುತ್ತೇವೆ."

ಉದ್ದಣ್ಣ ಮಾತ್ರ ಕಾಯಲಿಲ್ಲ. ನಾಲ್ಕು ಕಾಲನ್ನೂ ನೇರವಾಗಿ ಊರುತ್ತ ಟಪಟಪನೆ ರಾಜನ ಪಕ್ಕಕ್ಕೆ ಹೋಗಿ, ಅವನ ಹೆಜ್ಜೆಗೆ ಹೆಜ್ಜೆ ಸೇರಿಸಿದ. ಅಷ್ಟೂ ದೂರ ಇಬ್ಬರೂ ಜೊತೆಯಾಗಿ ನಡೆದು ಬಂದರು. ಅಪ್ಪ ಹತ್ತಿರ ಬಂದಾಗ ಪದುಮಲೆ ಅವನ ಎದೆಗೆ ಕಿವಿಯಿಟ್ಟಳು. ಎದೆ ಬೆಚ್ಚಗೆ ಬಡಿದುಕೊಳ್ಳುತ್ತಿತ್ತು. ಅವಳು ನಕ್ಕಳು, ಅತ್ತಳು, ಮತ್ತೆ ನಕ್ಕಳು.

ಅಂದಿನಿಂದ ಗವಿನಾಡಿನ ನಾಯಿಗಳು ನೆಲದ ಮೇಲೆ ಓಡಾಡಿಕೊಂಡು, ಕೊಳವನ್ನು ನಗಿಸಿಕೊಂಡು, ಹಿತವಾಗಿ ತಿಂದುಂಡು ಸುಖವಾಗಿದ್ದವು. ಅವುಗಳ ಹಿಂದೆ ನಡೆದೂ ನಡೆದೂ ಜನರೂ ಸುಖವಾಗಿದ್ದರು.